ಒಡ್ಡಿನ ದುಡ್ಡು, ದುರಸ್ತಿಯ ದುಡ್ಡು



ಕೋಲಾರ, ಚಿತ್ರದುರ್ಗ, ಹಾವೇರಿ ಕಡೆಯ ಹಳ್ಳಿಗಳಲ್ಲಿ ಓಡಾಡಿದವರು ಹಳ್ಳದ ದಂಡೆಯಲ್ಲಿ ನಿಲ್ಲಿಸಿದ ಹಳದಿ ಬಣ್ಣದ ಸಿಮೆಂಟ್ ಫಲಕಗಳನ್ನು ನೋಡಿರುತ್ತೀರಿ. ಕಾಮಗಾರಿಯ ಹೆಸರು, ಸರ್ವೆ ನಂಬರು, ಅಂದಾಜು ಮೊತ್ತ, ಯಾವ ಯೋಜನೆ, ಯಾವ ವರ್ಷ ಎಂದೆಲ್ಲ ಅದರ ಮೇಲೆ ಬರೆದಿರುತ್ತದೆ. ಕೆಲವು ಫಲಕಗಳ ಕೊನೆಗೆ ಇನ್ನೊಂದು ಸಾಲು: ರೈತರ ವಂತಿಕೆ, ಇಷ್ಟು ರೂಪಾಯಿ. ಫಲಕದಲ್ಲಿರುವ ಮೊತ್ತಗಳಲ್ಲೆಲ್ಲ ಅತಿ ಚಿಕ್ಕದು ಅದೇ. ಈ ಹೊತ್ತು ನಾನು ಹೇಳಬೇಕೆಂದಿರುವುದು ಆ ಚಿಕ್ಕ ಮೊತ್ತದ ವಿಚಾರ. ಜಲಾನಯನ ಅಭಿವೃದ್ಧಿಗೆ ಕೇಂದ್ರದ ಹಣ ಬಂದಿದೆ, ರಾಜ್ಯದ ಹಣ ಬಂದಿದೆ, ಹೊರದೇಶಗಳ ನೆರವು ಬಂದಿದೆ, ವಿಶ್ವಬ್ಯಾಂಕಿನ ಸಾಲವೂ ಬಂದಿದೆ. ಕಟ್ಟುವುದಕ್ಕೆ ದುಡ್ಡು ಹೇಗೋ ಸಿಕ್ಕಿದೆ. ಕಟ್ಟಿದ್ದನ್ನು ಹತ್ತು ವರ್ಷ ನೋಡಿಕೊಳ್ಳುವುದಕ್ಕೆ ದುಡ್ಡೂ ಇಲ್ಲ, ಹೊಣೆಗಾರರೂ ಇಲ್ಲ. ಆ ಹೊಣೆ ಹುಟ್ಟುವ ಜಾಗ ಊರಿನವರ ವಂತಿಕೆ ಎಂಬುದು ನನ್ನ ನಂಬಿಕೆ.

ಮೊದಲು ಸ್ವಲ್ಪ ಲೆಕ್ಕ. ನಮ್ಮಲ್ಲಿ ಒಂದು ಕಿರು ಜಲಾನಯನ ಅಂದರೆ ಹೆಚ್ಚುಕಡಿಮೆ 500 ಹೆಕ್ಟೇರ್ ಪ್ರದೇಶ. ಒಂದು ಗುಡ್ಡದ ನೆತ್ತಿಯಿಂದ ಹಿಡಿದು ಅದರ ನೀರು ಹರಿದು ಸೇರುವ ಹಳ್ಳದವರೆಗೆ, ನಡುವಿನ ಹೊಲ, ಗೋಮಾಳ, ದಾರಿ ಎಲ್ಲವೂ ಅದರಲ್ಲಿ ಸೇರಿತು. ವರ್ಷಕ್ಕೆ 700 ಮಿಲಿಮೀಟರ್ ಮಳೆ ಬೀಳುವ ಸೀಮೆಯಾದರೆ ಅಷ್ಟು ಜಾಗದ ಮೇಲೆ ಬೀಳುವ ನೀರು 350 ಕೋಟಿ ಲೀಟರ್. ಬರಗಾಲದ ಊರು ಎಂದು ನಾವು ಕರೆಯುವ ಊರಿನ ಪಾಲಿಗೂ ಇಷ್ಟು ನೀರು ಆಕಾಶದಿಂದ ಬರುತ್ತದೆ. ಬಂದದ್ದು ನಿಲ್ಲದೆ, ಮಣ್ಣಿನ ಮೇಲ್ಪದರವನ್ನೂ ಕೊಚ್ಚಿಕೊಂಡು ಹೋಗುವುದೇ ತೊಂದರೆ. ರಾಜ್ಯದ ಸಾಗುವಳಿ ಭೂಮಿಯಲ್ಲಿ ದೊಡ್ಡ ಪಾಲು ಇವತ್ತಿಗೂ ಮಳೆಯನ್ನೇ ನಂಬಿದೆ. ಹಾಗಾಗಿ ಏರಿನಲ್ಲಿ ಕಂದಕ, ಹೊಲದಲ್ಲಿ ಬದು, ಕೊರಕಲಿನಲ್ಲಿ ಕಲ್ಲಿನ ತಡೆ, ತಗ್ಗಿನಲ್ಲಿ ಚೆಕ್ ಡ್ಯಾಂ, ಹೊಲದ ಮೂಲೆಯಲ್ಲಿ ಕೃಷಿ ಹೊಂಡ. ಕೆಲಸ ಮೇಲಿನಿಂದ ಕೆಳಕ್ಕೆ ಇಳಿದು ಬರಬೇಕು. ಗುಡ್ಡವನ್ನು ಬಿಟ್ಟು ಹಳ್ಳಕ್ಕೆ ಮಾತ್ರ ಚೆಕ್ ಡ್ಯಾಂ ಕಟ್ಟಿದರೆ ಎರಡು ಮೂರು ಮಳೆಗಾಲದಲ್ಲಿ ಅದು ಹೂಳಿನ ಗುಂಡಿಯಾಗುತ್ತದೆ.

ನಮ್ಮ ಹಿಂದಿನವರು ಈ ದುರಸ್ತಿಯ ಪ್ರಶ್ನೆಗೆ ಉತ್ತರ ಕಂಡುಕೊಂಡಿದ್ದರು. ಕೋಲಾರ ಸೀಮೆಯ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿಸಿದವನಿಗೆ, ಒಡೆದ ಕೆರೆಯನ್ನು ಮತ್ತೆ ನಿಲ್ಲಿಸಿದವನಿಗೆ, ಕೆರೆಯನ್ನು ನೋಡಿಕೊಳ್ಳುವವನಿಗೆ ಅದೇ ಕೆರೆಯ ಕೆಳಗೆ ಭೂಮಿ ಬಿಡುತ್ತಿದ್ದರು. ಕೆರೆ ತುಂಬಿದರೆ ಅವನ ಗದ್ದೆ ಬೆಳೆಯುತ್ತದೆ, ತೂಬು ಸೋರಿದರೆ ಅವನ ಗದ್ದೆಯೂ ಒಣಗುತ್ತದೆ. ನೀರು ಬಿಡುವ ನೀರಗಂಟಿಗೆ ಸುಗ್ಗಿಯಲ್ಲಿ ಕಣದಿಂದಲೇ ಧಾನ್ಯ ಅಳೆದು ಕೊಡುತ್ತಿದ್ದರು. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟುಪಾಡು, ಮೇಲುಕೀಳು ಎಲ್ಲ ಇತ್ತು. ಅದನ್ನು ಹಾಗೆಯೇ ಮರಳಿ ತರಬೇಕೆಂದು ಯಾರೂ ಹೇಳಲಾರರು. ಆದರೆ ಕೆರೆ ಕಟ್ಟಿದ ದಿನವೇ ಅದರ ದುರಸ್ತಿಗೆ ಪ್ರತಿ ವರ್ಷ ಹುಟ್ಟುವಳಿ ಬರುವ ಹಾಗೆ ಮಾಡಿದ್ದರಲ್ಲ, ಆ ವಿವೇಕವನ್ನು ನಾವು ಕೈಬಿಟ್ಟೆವು.

ಈ ಕಾಲಕ್ಕೆ ಬಂದರೆ, ಸರ್ಕಾರ ಮತ್ತು ಜನ ಸೇರಿ ಜಲಾನಯನ ಕೆಲಸ ಮಾಡಿದ ಪ್ರಯೋಗಗಳಲ್ಲಿ ಗುಲ್ಬರ್ಗದ್ದನ್ನು ಮೊದಲು ನೆನೆಯಬೇಕು. 1980ರ ದಶಕದ ನಡುವೆ ಕರ್ನಾಟಕ ಸರ್ಕಾರ, ಸ್ವಿಟ್ಜರ್ಲೆಂಡಿನ ಅಭಿವೃದ್ಧಿ ಸಂಸ್ಥೆ ಮತ್ತು ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಮೂವರೂ ಕೈಜೋಡಿಸಿದರು. ಊರಿಗೆಲ್ಲ ಒಂದೇ ದೊಡ್ಡ ಸಮಿತಿ ಮಾಡುವುದಕ್ಕಿಂತ, ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇರುವ ಹದಿನೈದಿಪ್ಪತ್ತು ಜನರ ಚಿಕ್ಕ ಗುಂಪು ಮೇಲು ಎಂಬುದನ್ನು ಮೈರಾಡ ತನ್ನ ಕೆಲಸದಲ್ಲಿ ಕಂಡುಕೊಂಡಿತು. ಇಂದು ನಮ್ಮ ಹಳ್ಳಿ ಹಳ್ಳಿಯಲ್ಲಿರುವ ಸ್ತ್ರೀಶಕ್ತಿ, ಸ್ವಸಹಾಯ ಗುಂಪುಗಳ ಬೇರುಗಳಲ್ಲಿ ಒಂದು ಅಲ್ಲಿದೆ. ಆಮೇಲೆ ಕೇಂದ್ರ ಸರ್ಕಾರ ನೇಮಿಸಿದ್ದ ಹನುಮಂತರಾವ್ ಸಮಿತಿಯ ವರದಿಯ ಮೇಲೆ 1995ರಲ್ಲಿ ದೇಶಕ್ಕೆಲ್ಲ ಅನ್ವಯವಾಗುವ ಮಾರ್ಗಸೂಚಿ ಜಾರಿಗೆ ಬಂತು. ಸಹಸ್ರಮಾನದ ತಿರುವಿನಲ್ಲಿ ಕೇಂದ್ರ ಸರ್ಕಾರ ಮತ್ತು ನಬಾರ್ಡ್ ತಲಾ 100 ಕೋಟಿ ರೂಪಾಯಿ ಹಾಕಿ ಜಲಾನಯನ ಅಭಿವೃದ್ಧಿ ನಿಧಿಯನ್ನು ಸ್ಥಾಪಿಸಿದವು. ಅದೇ ಹೊತ್ತಿಗೆ ಕರ್ನಾಟಕದಲ್ಲಿ ಜಲಾನಯನ ಅಭಿವೃದ್ಧಿಗೆಂದೇ ಪ್ರತ್ಯೇಕ ಇಲಾಖೆ ಬಂತು.

ಆ ಇಲಾಖೆಯ ಕೈಗೆ ಬಂದ ದೊಡ್ಡ ಕೆಲಸ ಸುಜಲ. 2001ರಲ್ಲಿ ಆರಂಭವಾಗಿ 2009ರವರೆಗೆ ನಡೆದ ಯೋಜನೆ ಇದು. ಆರಂಭದಲ್ಲಿ ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಯಲ್ಲೇ ಇತ್ತು. ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಈ ಐದು ಜಿಲ್ಲೆಗಳ 77 ಉಪಜಲಾನಯನಗಳು, ಸುಮಾರು 5 ಲಕ್ಷ ಹೆಕ್ಟೇರ್. ವಿಶ್ವಬ್ಯಾಂಕಿನ ಸಾಲ 10 ಕೋಟಿ ಡಾಲರಿನ ಆಸುಪಾಸು. ಅದರ ಮೇಲೆ ರಾಜ್ಯದ ಪಾಲು, ಅದರ ಮೇಲೆ ರೈತರ ವಂತಿಕೆ.

ಸುಜಲದ ದುಡ್ಡು ಗುತ್ತಿಗೆದಾರರ ಕೈಗೆ ಹೋಗಲಿಲ್ಲ. ಪ್ರತಿ ಕಿರು ಜಲಾನಯನಕ್ಕೂ ಸುಜಲ ಸಂಘ ರಚನೆಯಾಗಿ ಹಣ ಅದರ ಬ್ಯಾಂಕ್ ಖಾತೆಗೇ ಬರುತ್ತಿತ್ತು. ಅಕ್ಕಪಕ್ಕದ ಹೊಲದವರು ಸೇರಿ ಪ್ರದೇಶ ಗುಂಪು ಮಾಡಿಕೊಂಡು, ಸರ್ವೆ ನಂಬರು ಹಿಡಿದು ಹೊಲ ಹೊಲ ನಡೆದು, ಯಾರ ಹೊಲದಲ್ಲಿ ಬದು ಬೇಕು, ಎಲ್ಲಿ ಹೆಚ್ಚುವರಿ ನೀರು ಹೋಗಲು ಕೋಡಿ ಬಿಡಬೇಕು ಎಂದು ಬರೆದುಕೊಳ್ಳುತ್ತಿದ್ದರು. ಆ ಬರಹವೇ ಊರಿನ ಕ್ರಿಯಾ ಯೋಜನೆ. ಭೂಮಿ ಇಲ್ಲದವರಿಗೆ ಬದುವಿನಿಂದ ಏನು ಬಂತು ಎಂಬ ಪ್ರಶ್ನೆ ಏಳುವುದು ಸಹಜ. ಅವರಿಗೆ ಕುರಿ, ಹಸು, ಸಣ್ಣ ಕಸುಬುಗಳಿಗೆ ಸ್ವಸಹಾಯ ಗುಂಪುಗಳ ಮೂಲಕ ಹಣ ಒದಗಿಸುವ ಏರ್ಪಾಡೂ ಇತ್ತು. ಕೆಲಸ ಸರಿಯಾಗಿ ಆಯಿತೇ ಎಂದು ನೋಡುವ ಹೊಣೆಯನ್ನು ಇಲಾಖೆ ತನ್ನಲ್ಲೇ ಇಟ್ಟುಕೊಳ್ಳಲಿಲ್ಲ, ಇಸ್ರೋದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್‌ಗೆ ವಹಿಸಿತು. ಉಪಗ್ರಹದ ಚಿತ್ರ ಒಂದು ಕಡೆ, ಊರಿನಲ್ಲಿ ಕೂತು ಜನರನ್ನು ಕೇಳುವುದು ಇನ್ನೊಂದು ಕಡೆ. ಸರ್ಕಾರಿ ಕೆಲಸದ ಅಳತೆ ಹೊರಗಿನವರಿಂದ ಆಗಬೇಕೆಂಬ ಈ ಪಾಠ ನಮ್ಮ ಎಷ್ಟೋ ಇಲಾಖೆಗಳಿಗೆ ಇನ್ನೂ ತಲುಪಿಲ್ಲ.

ಚಿತ್ರದುರ್ಗ ಜಿಲ್ಲೆಯ ಒಂದು ಊರಿನಲ್ಲಿ ಸಂಘದ ಲೆಕ್ಕ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳೊಬ್ಬರು ತಮ್ಮ ನೋಟ್‌ಬುಕ್ ತೆರೆದು ತೋರಿಸಿದ್ದು ನನ್ನ ಕಣ್ಣ ಮುಂದೆ ಇದೆ. ಎಡಗಡೆ ಹೆಸರು, ನಡುವೆ ಕೊಟ್ಟ ವಂತಿಕೆ, ಬಲಗಡೆ ಸಹಿ ಇಲ್ಲವೇ ಹೆಬ್ಬೆಟ್ಟು. ದುಡ್ಡು ಕೊಡಲಾಗದವರು ಕಲ್ಲು ಹೊತ್ತ ದಿನಗಳನ್ನೂ ಕೂಲಿಯ ದರಕ್ಕೆ ಲೆಕ್ಕ ಹಾಕಿ ಬರೆದಿದ್ದರು. ಚೆಕ್ ಡ್ಯಾಮಿನ ರೆಕ್ಕೆಗೋಡೆಯ ಬುಡದಲ್ಲಿ ನೀರು ಜಿನುಗುತ್ತಿದ್ದುದನ್ನು ಮೊದಲು ಕಂಡವನು ದನ ಕಾಯುವ ಹುಡುಗ. ಮಾರನೆಯ ವಾರದ ಸಭೆಯಲ್ಲಿ ಅದೇ ಮಾತು. ಒಬ್ಬ ಗಾರೆಯವನ ಕೂಲಿ, ಒಂದೆರಡು ಚೀಲ ಸಿಮೆಂಟು, ಒಂದಿಷ್ಟು ಮರಳು, ಅಷ್ಟರಲ್ಲೇ ಕೆಲಸ ಮುಗಿಯಿತು. ಇಲಾಖೆಗೆ ಅರ್ಜಿ ಯಾಕೆ ಕೊಡಲಿಲ್ಲ ಎಂದು ಕೇಳಿದೆ. "ಅರ್ಜಿ ಕೊಟ್ಟು ಕುಂತ್ರೆ ಮಳೆ ನಿಂತ್ಕಂತದಾ? ನಮ್ ದುಡ್ಡೂ ಐತಲ್ಲ ಇದ್ರಾಗೆ" ಎಂದರು ಆಕೆ. ಸಹಭಾಗಿತ್ವ ಎಂಬುದರ ಬಗ್ಗೆ ನಾನು ಓದಿದ ಯಾವ ವರದಿಯೂ ಇಷ್ಟು ಸ್ಪಷ್ಟವಾಗಿ ಹೇಳಿಲ್ಲ.

ಎಲ್ಲ ಕಡೆ ಹೀಗೆ ನಡೆದಿಲ್ಲ, ಅದನ್ನೂ ಹೇಳಬೇಕು. ದೇಶದ ಉದ್ದಗಲಕ್ಕೂ ಜಲಾನಯನ ಯೋಜನೆಗಳಲ್ಲಿ ಕಂಡುಬಂದ ಒಂದು ಅನ್ಯಾಯವಿದೆ. ಭೂಮಿ ಉಳ್ಳವನು ಕೊಡಬೇಕಾದ ವಂತಿಕೆಯನ್ನು ಅವನಿಂದ ಕೇಳುವುದು ಕಷ್ಟ ಎಂದು, ಬದು ಹಾಕುವ ಕೂಲಿಕಾರರ ಕೂಲಿಯಿಂದಲೇ ಮುರಿದುಕೊಂಡು ವಂತಿಕೆ ಎಂದು ಬರೆದುಬಿಡುವುದು. ಕಾಗದದಲ್ಲಿ ಎಲ್ಲ ಸರಿ. ನಿಜದಲ್ಲಿ ಒಂದು ಗುಂಟೆಯೂ ಇಲ್ಲದ ಹೆಂಗಸು ಬಿಸಿಲಲ್ಲಿ ಮಣ್ಣು ಹೊತ್ತು, ಇನ್ನೊಬ್ಬರ ಹೊಲದ ಫಲವತ್ತತೆಗೆ ತನ್ನ ಕೂಲಿಯ ಪಾಲನ್ನು ಕಟ್ಟಿದಳು. ಇದನ್ನು ಯಾರೂ ಪಾಲುದಾರಿಕೆ ಎಂದು ಕರೆಯಬಾರದು, ಇದು ಸುಲಿಗೆ. 2008ರ ಸಾಮಾನ್ಯ ಮಾರ್ಗಸೂಚಿ ಖಾಸಗಿ ಜಮೀನಿನ ಕೆಲಸಕ್ಕೆ ಕನಿಷ್ಠ ಶೇಕಡಾ 10, ಪರಿಶಿಷ್ಟ ಜಾತಿ, ಪಂಗಡ ಮತ್ತು ಸಣ್ಣ, ಅತಿಸಣ್ಣ ರೈತರಿಗೆ ಶೇಕಡಾ 5 ವಂತಿಕೆ ಎಂದು ನಿಗದಿ ಮಾಡಿತು. ಆ ಹಣ ಊರಿನದೇ ಜಲಾನಯನ ಅಭಿವೃದ್ಧಿ ನಿಧಿಗೆ ಜಮೆಯಾಗಬೇಕಿತ್ತು, ಯೋಜನೆ ಮುಗಿದ ಮೇಲೆ ಸಾಮೂಹಿಕ ಕಾಮಗಾರಿಗಳ ದುರಸ್ತಿಗೆ ಅದೇ ಬಳಕೆಯಾಗಬೇಕಿತ್ತು. ನಿಯಮ ಒಳ್ಳೆಯದೇ. ಆದರೆ ಯೋಜನೆ ಮುಗಿದು ಅಧಿಕಾರಿಗಳು ಮುಂದಿನ ತಾಲ್ಲೂಕಿಗೆ ಹೋದ ಮೇಲೆ ಸಮಿತಿಗಳು ಸೇರುವುದೇ ನಿಂತು, ನಿಧಿ ಬ್ಯಾಂಕಿನಲ್ಲೇ ಉಳಿದುಹೋದ ಊರುಗಳು ಬಹಳ.

ಇನ್ನು ಖರ್ಚಿನ ಹಂಚಿಕೆ ನೋಡಿ. ಆ ಮಾರ್ಗಸೂಚಿಯಲ್ಲಿ ಒಟ್ಟು ಮೊತ್ತದ ಶೇಕಡಾ 50 ಮಣ್ಣು, ನೀರಿನ ಕಾಮಗಾರಿಗೆ. ಮಾಡಿದ ಕೆಲಸವನ್ನು ಗಟ್ಟಿಗೊಳಿಸಿ, ಲೆಕ್ಕಪತ್ರ, ಹೊಣೆ ಎಲ್ಲವನ್ನೂ ಊರಿನವರ ಕೈಗೆ ಒಪ್ಪಿಸಿ ಬರುವ ಕೊನೆಯ ಹಂತಕ್ಕೆ ಶೇಕಡಾ 5. ಕೆಲವೇ ವರ್ಷಗಳಲ್ಲಿ ತಿದ್ದುಪಡಿಯಾಗಿ ಕಾಮಗಾರಿಯ ಪಾಲು 56ಕ್ಕೆ ಏರಿತು, ಕೊನೆಯ ಹಂತದ್ದು 3ಕ್ಕೆ ಇಳಿಯಿತು. ಕಾಮಗಾರಿಯ ಫೋಟೊ ತೆಗೆಯಬಹುದು, ಉದ್ಘಾಟನೆ ಮಾಡಬಹುದು, ಸಂಘ ಕಟ್ಟುವ ಕೆಲಸಕ್ಕೆ ಅದೆಲ್ಲ ಇಲ್ಲ. ಹಸು ಕೊಡಿಸಿ ಮೇವಿಗೆ ಕಾಸಿಲ್ಲ ಎಂದ ಹಾಗಾಯಿತು. ನನ್ನನ್ನು ಕೇಳಿದರೆ ಈ ಅಂಕಿಗಳು ಹಿಂದುಮುಂದಾಗಬೇಕು. ಒಂದು ಚೆಕ್ ಡ್ಯಾಂ ಕಡಿಮೆಯಾಗಲಿ, ಉಳಿದವನ್ನು ನೋಡಿಕೊಳ್ಳುವ ಸಂಘಕ್ಕೆ ಐದು ವರ್ಷ ಹೆಚ್ಚಿಗೆ ಆಸರೆ ಸಿಗಲಿ. ಸಿಮೆಂಟನ್ನೇ ನಂಬಬೇಕಾಗಿಯೂ ಇಲ್ಲ. ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಅಂಚಿಗೆ ಲಾವಂಚದ ಸಾಲು ಬೆಳೆಸಿಕೊಂಡು ಬಂದಿದ್ದಾರೆ. ಅದರ ಬೇರು ಆಳಕ್ಕೆ ಇಳಿದು ಮಣ್ಣನ್ನು ಹಿಡಿಯುತ್ತದೆ, ವರ್ಷ ಹೋದಂತೆ ಬದು ತಾನಾಗಿ ಗಟ್ಟಿಯಾಗುತ್ತದೆ.

ಹಣ ಬಂತು, ಒಡ್ಡೂ ನಿಂತಿತು ಅಂದುಕೊಳ್ಳಿ. ನೀರು ಉಳಿಯಿತೇ? 1990ರ ದಶಕದ ಕೊನೆಯಲ್ಲಿ ಬ್ರಿಟನ್ ಸರ್ಕಾರದ ನೆರವಿನಿಂದ ಬಳ್ಳಾರಿ, ಚಿತ್ರದುರ್ಗ, ವಿಜಯಪುರ ಜಿಲ್ಲೆಗಳಲ್ಲಿ ಕಾವಾಡ್ ಎಂಬ ಜಲಾನಯನ ಯೋಜನೆ ನಡೆಯಿತು. ಅದರವರು ಒಂದು ಧೈರ್ಯದ ಕೆಲಸ ಮಾಡಿದರು. ದುಡ್ಡಿನ ಲೆಕ್ಕ ನೋಡುವ ಹಾಗೆ ನೀರಿನ ಲೆಕ್ಕವನ್ನೂ ನೋಡಿದರು. ಏರಿನಲ್ಲಿ ತಡೆಗಳು ಹೆಚ್ಚಾದ ಹಾಗೆ ಕೆಳಗಿನ ಕೆರೆಗಳಿಗೆ ಬರುವ ನೀರು ತಗ್ಗಬಹುದು. ಇಂಗಿದ ನೀರನ್ನು ಹೊಸ ಕೊಳವೆಬಾವಿಗಳು ಎತ್ತಿಬಿಟ್ಟರೆ ಬಡವರ ತೆರೆದ ಬಾವಿಗಳು ಒಣಗುತ್ತವೆ. ಒಡ್ಡುಗಳ ಸಂಖ್ಯೆ ಹೆಚ್ಚಿದಷ್ಟೂ ನೀರು ಹೆಚ್ಚುತ್ತದೆ ಎಂಬ ನಂಬಿಕೆಯನ್ನೇ ಆ ಲೆಕ್ಕದ ವರದಿ ಪ್ರಶ್ನಿಸಿತು. ಸಾವಿರ ಅಡಿ ದಾಟಿ ಕೊರೆದರೂ ದೂಳು ಏಳುವ ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಗಿಸುವುದಕ್ಕೆ ಸರ್ಕಾರದ ದುಡ್ಡು, ಎತ್ತುವುದಕ್ಕೆ ಯಾರಿಗೂ ಲೆಕ್ಕವಿಲ್ಲ ಎಂದಾದರೆ ಸಾರ್ವಜನಿಕ ಹಣ ಆಳವಾದ ಬೋರ್ ಕೊರೆಸಬಲ್ಲವನ ಹೊಲಕ್ಕೇ ಹರಿದು ಹೋಗುತ್ತದೆ.

2019ರ ಡಿಸೆಂಬರಿನಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆ ಈ ಮಟ್ಟಿಗೆ ಒಂದು ಹೆಜ್ಜೆ ಮುಂದೆ. 6,000 ಕೋಟಿ ರೂಪಾಯಿ, ಅದರಲ್ಲಿ ಅರ್ಧ ವಿಶ್ವಬ್ಯಾಂಕಿನ ಸಾಲ, ಏಳು ರಾಜ್ಯಗಳು, ಅವುಗಳಲ್ಲಿ ಕರ್ನಾಟಕವೂ ಒಂದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಎಷ್ಟು ಬಂತು, ಅಂತರ್ಜಲ ಎಷ್ಟಿದೆ, ಬೆಳೆಗೆ ಎಷ್ಟು ಹೋಗುತ್ತದೆ ಎಂದು ನೀರಿನ ಆಯವ್ಯಯ ಬರೆಯಬೇಕೆಂದು ಅದು ಗೊತ್ತುಮಾಡಿತು. ಹಣದ ದೊಡ್ಡ ಪಾಲು ಫಲಿತಾಂಶ ನೋಡಿ ಬರುವ ಏರ್ಪಾಡು ಮಾಡಿತು. ನೀರಿನ ಮಟ್ಟದ ಅಂಕಿಯನ್ನು ಪಂಚಾಯಿತಿ ಗೋಡೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಬರೆದರೆ ಊರಿನ ಮಾತುಕತೆಯೇ ಬದಲಾಗುತ್ತದೆ.

ನೀರಿನ ಪಾಲು ಯಾರಿಗೆ ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲೇ ಒಂದು ದಿಟ್ಟ ಉತ್ತರ ಸಿಕ್ಕಿತ್ತು. ಚಂಡೀಗಢದ ಸುಖನಾ ಸರೋವರ 1958ರಲ್ಲಿ ಆದದ್ದು. 1970ರ ದಶಕದ ನಡುವಿನ ಹೊತ್ತಿಗೆ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಹೂಳು ತುಂಬಿತ್ತು. ಹೂಳು ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತ ಪಿ. ಆರ್. ಮಿಶ್ರಾ ಎಂಬ ಮಣ್ಣು ಸಂರಕ್ಷಣಾ ವಿಜ್ಞಾನಿ ಶಿವಾಲಿಕ್ ಬೆಟ್ಟದ ಸುಖೋಮಾಜ್ರಿ ಎಂಬ ಚಿಕ್ಕ ಹಳ್ಳಿಗೆ ಹೋದರು. ಬೆಟ್ಟವನ್ನು ಮೇದು ಬೋಳು ಮಾಡಿದ್ದು ಅಲ್ಲಿಯ ದನ, ಮೇಕೆ. ಊರಿನವರ ಮೇಲೆ ದಂಡ ಹಾಕಿಸಬಹುದಿತ್ತು. ಅವರು ಹಾಗೆ ಮಾಡದೆ ಊರಿಗೊಂದು ಸಣ್ಣ ಕಟ್ಟೆ ಕಟ್ಟಿಸಿದರು. ನೀರು ಸಿಗುತ್ತದೆ, ಬದಲಿಗೆ ಬೆಟ್ಟಕ್ಕೆ ದನ ಬಿಡಬಾರದು, ಇದು ಕರಾರು. ಭೂಮಿ ಇದ್ದವನಿಗೆ ಮಾತ್ರ ನೀರು ಎಂದಿದ್ದರೆ ಭೂಮಿ ಇಲ್ಲದವನು ಯಾಕೆ ತನ್ನ ಮೇಕೆಯನ್ನು ಕಟ್ಟಿಹಾಕಬೇಕು? ಅದಕ್ಕೇ ಊರಿನ ಪ್ರತಿ ಮನೆಗೂ ಸಮಪಾಲು ನೀರು ಎಂದು ತೀರ್ಮಾನವಾಯಿತು. ಭೂಮಿ ಇಲ್ಲದವರು ತಮ್ಮ ಪಾಲಿನ ನೀರನ್ನು ಮಾರಿಕೊಳ್ಳಬಹುದಾಗಿತ್ತು. ಬೆಟ್ಟ ಹಸಿರಾಯಿತು, ಸರೋವರಕ್ಕೆ ಬರುವ ಹೂಳು ಇಳಿಯಿತು, ಊರಿನ ಆದಾಯ ಏರಿತು. ಜಲಾನಯನ ಎಂದ ಕೂಡಲೇ ಎಂಜಿನಿಯರಿಂಗ್ ಎಂದು ತಿಳಿಯುವ ನಮ್ಮವರು ಸುಖೋಮಾಜ್ರಿಯ ಈ ಕರಾರನ್ನು ಬಾಯಿಪಾಠ ಮಾಡಬೇಕು.

ಅಲ್ಲಿ ಕೆಳಗಿನ ನಗರದ ಕಷ್ಟ ಮೇಲಿನ ಹಳ್ಳಿಗೆ ಹಣ ತಂದಿತು. ನ್ಯೂಯಾರ್ಕ್ ನಗರವೂ ಇದೇ ದಾರಿ ಹಿಡಿದಿದೆ. ಸುಮಾರು 90 ಲಕ್ಷ ಜನರಿಗೆ ನೀರು ಬರುವ ಕ್ಯಾಟ್ಸ್‌ಕಿಲ್ ಬೆಟ್ಟಗಳ ರೈತರು, ಊರುಗಳೊಂದಿಗೆ 1997ರಲ್ಲಿ ಒಪ್ಪಂದ ಮಾಡಿಕೊಂಡು, ಭಾರಿ ಖರ್ಚಿನ ಶುದ್ಧೀಕರಣ ಘಟಕ ಕಟ್ಟುವ ಬದಲು ಜಲಾನಯನವನ್ನು ಕಾಯುವುದಕ್ಕೇ ಆ ನಗರ ಹಣ ಕೊಡುತ್ತ ಬಂದಿದೆ. ನಮ್ಮ ಬೆಂಗಳೂರು ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಎತ್ತಿ ಕುಡಿಯುತ್ತದೆ. ಆ ನೀರಿನ ಬಿಲ್ಲಿನಲ್ಲಿ ವಿದ್ಯುತ್ತಿನ ಖರ್ಚಿದೆ, ಕೊಳವೆಯ ಖರ್ಚಿದೆ. ಮಳೆಯನ್ನು ಹಿಡಿದಿಟ್ಟ ಕಾಡಿಗೆ, ಮಣ್ಣಿಗೆ, ಅಲ್ಲಿಯ ಜನಕ್ಕೆ ಎಂದು ಒಂದು ಪೈಸೆಯ ಬಾಬ್ತೂ ಇಲ್ಲ. 2024ರ ನವೆಂಬರಿನಲ್ಲಿ ರಾಜ್ಯದ ಅರಣ್ಯ ಸಚಿವರು ಪಶ್ಚಿಮ ಘಟ್ಟದ ನದಿಗಳ ನೀರು ಬಳಸುವ ನಗರಗಳ ನೀರಿನ ಬಿಲ್ಲಿಗೆ ಎರಡು ಮೂರು ರೂಪಾಯಿ ಹಸಿರು ಸೆಸ್ ಸೇರಿಸುವ ಪ್ರಸ್ತಾಪ ತಂದಾಗ ವಿರೋಧದ ಮಾತುಗಳೇ ಜೋರಾಗಿ ಕೇಳಿಬಂದವು. ತೆರಿಗೆಯ ಮೇಲೆ ತೆರಿಗೆ ಎಂಬ ಜನರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ತತ್ತ್ವ ಸರಿಯಾದದ್ದು. ಆ ಹಣ ಖಜಾನೆಯಲ್ಲಿ ಬೆರೆತುಹೋಗದೆ ಪ್ರತ್ಯೇಕ ನಿಧಿಯಾಗಿ, ಎಲ್ಲಿ ಖರ್ಚಾಯಿತು ಎಂದು ಪ್ರತಿ ವರ್ಷ ಪ್ರಕಟವಾಗುವುದಾದರೆ ನಗರದವರು ಕೊಡಬೇಕು. ಮೇಲಿನವರು ಬೆವರು ಸುರಿಸಲಿ, ಕೆಳಗಿನವರು ನೀರು ಕುಡಿಯಲಿ ಎಂಬುದು ಎಷ್ಟು ದಿನ ನಡೆದೀತು?

ಮತ್ತೆ ಸುಜಲಕ್ಕೆ ಬರೋಣ, ಅದು 2009ಕ್ಕೇ ನಿಲ್ಲಲಿಲ್ಲ. 2012ರಿಂದ ನಡೆದ ಸುಜಲದ ಮೂರನೆಯ ಹಂತದಲ್ಲಿ 11 ಜಿಲ್ಲೆಗಳ ಮಣ್ಣನ್ನು ಸರ್ವೆ ನಂಬರಿನ ಮಟ್ಟದಲ್ಲಿ ಪರೀಕ್ಷಿಸಿ, ಮಣ್ಣಿನ ಆಳ, ಇಳಿಜಾರು, ನೀರು ಹಿಡಿಯುವ ಶಕ್ತಿ, ಒಗ್ಗುವ ಬೆಳೆ ಎಲ್ಲವನ್ನೂ ಬರೆದ ಕಾರ್ಡುಗಳನ್ನು ರೈತರಿಗೆ ಕೊಡಲಾಯಿತು. ಅದರ ಬೆನ್ನಿಗೇ ರಿವಾರ್ಡ್ ಎಂಬ ಯೋಜನೆ ಬಂದಿದೆ. ಕರ್ನಾಟಕಕ್ಕೆ 6 ಕೋಟಿ ಡಾಲರ್ ಸಾಲ, ಅದೂ ಫಲಿತಾಂಶ ತೋರಿಸಿದ ಮೇಲೆ. ವಿಜ್ಞಾನ ಮುಂದೆ ಹೋಗಿದೆ, ನಕ್ಷೆಗಳು ಸೊಗಸಾಗಿವೆ. ಆ ಕಾರ್ಡು ರೈತನ ಟ್ರಂಕಿನ ತಳದಲ್ಲಿ ಮಲಗಿದೆಯೋ, ಬಿತ್ತನೆಗೆ ಮುಂಚೆ ಹೊರಗೆ ಬರುತ್ತದೆಯೋ ಎಂಬುದು ಊರಿನಲ್ಲಿ ಸಂಘ ಜೀವಂತವಾಗಿದೆಯೇ ಎನ್ನುವುದರ ಮೇಲೆ ನಿಂತಿದೆ.

ಹಳ್ಳಿಯಲ್ಲಿ ಕೂತು ಇದನ್ನು ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮೂರಿನಲ್ಲಿ ಎಂದಾದರೂ ಜಲಾನಯನದ ಕೆಲಸ ನಡೆದಿದ್ದರೆ, ಮುಂದಿನ ಗ್ರಾಮಸಭೆಗೆ ಹೋಗಿ. ನಾವು ಕಟ್ಟಿದ ವಂತಿಕೆ ಎಷ್ಟು, ಜಲಾನಯನ ನಿಧಿ ಯಾವ ಬ್ಯಾಂಕಿನಲ್ಲಿದೆ, ಅದರ ಪಾಸ್‌ಬುಕ್ ಯಾರ ಹತ್ತಿರ ಇದೆ ಎಂದು ಎದ್ದು ನಿಂತು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಅದು ನಿಮ್ಮ ಹಣ. ಮುಂಗಾರಿಗೆ ಮುಂಚೆ ಸೋರುವ ಒಂದು ಚೆಕ್ ಡ್ಯಾಮನ್ನಾದರೂ ಆ ಹಣದಿಂದ ಸರಿಮಾಡಿಸಿಕೊಳ್ಳಿ.